ಅಕ್ಕನ ಮುಖಕ್ಕೆ ಎಷ್ಟು ಗೆರೆ

ಹೈದರಾಬಾದಿನ ಕಾಚಿಗುಡದಲ್ಲಿ, ರೈಲ್ವೆ ಸ್ಟೇಷನ್ನಿಗೆ ನಡೆದೇ ಹೋಗುವಷ್ಟು ಹತ್ತಿರ, ಒಂದು ಹಳೆಯ ಅಪಾರ್ಟ್‌ಮೆಂಟು. ಎರಡನೇ ಮಹಡಿಯ ಆ ಮನೆಯ ಪಡಸಾಲೆಯಲ್ಲಿ ಸೋಫಾ ಇಲ್ಲ. ಸೋಫಾ ಇರಬೇಕಾದ ಜಾಗದಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮೂರು ಕಣ್ಣಿನ ಯಂತ್ರವೊಂದು ಕೂತಿದೆ. ಒಂದು ಕಣ್ಣು ಕೆಂಪು, ನಡುವಿನದು ಹಸಿರು, ಇನ್ನೊಂದು ನೀಲಿ. ತೂಕ ತೊಂಬತ್ತು ಕೆ.ಜಿ.ಯ ಆಸುಪಾಸು. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ಕೂರಲು ಜಾಗ ಹುಡುಕುತ್ತಾರೆ.

ಮನೆಯ ಯಜಮಾನರಿಗೆ ಅರವತ್ತೊಂದು ವರ್ಷ. ಅಕ್ಕನ ಮಗ ಅವರನ್ನು ಮಾಮಾ ಅನ್ನುತ್ತಾನೆ. ಅಪಾರ್ಟ್‌ಮೆಂಟಿನ ಮಕ್ಕಳೂ ಅದನ್ನೇ ಹಿಡಿದುಕೊಂಡಿದ್ದಾರೆ. ಹಾಗಾಗಿ ಇಲ್ಲಿಯೂ ಅವರು ಮಾಮಾನೇ ಆಗಿರಲಿ.

ಯಂತ್ರ ಬಂದದ್ದು ಗುಜರಿಯಿಂದ. ಒಂದು ಕಂಪನಿಯ ಸಭಾಂಗಣದಲ್ಲಿ ವರ್ಷಗಟ್ಟಲೆ ಮೇಲೆ ತೂಗುತ್ತಿದ್ದ ಸಿಆರ್‌ಟಿ ಪ್ರೊಜೆಕ್ಟರನ್ನು 2013ರಲ್ಲಿ ಕೆಳಗಿಳಿಸಿ, ತೂಕದ ಲೆಕ್ಕದಲ್ಲಿ ಮಾರಿದರು. ಗುಜರಿಯವನಿಗೆ ಬೇಕಿದ್ದದ್ದು ಒಳಗಿನ ತಾಮ್ರದ ಸುರುಳಿಗಳು ಮಾತ್ರ. ಮಾಮಾ ತಾಮ್ರದ ಬೆಲೆ ಕೊಟ್ಟು ಇಡೀ ಯಂತ್ರವನ್ನೇ ತಂದರು. ನಾಲ್ಕು ಜನ ಹಮಾಲರು ಅದನ್ನು ಮೆಟ್ಟಿಲು ಹತ್ತಿಸಿದ ದಿನ ಅತ್ತಿ, ಅಂದರೆ ಅವರ ಹೆಂಡತಿ, ಕೇಳಿದ್ದು ಒಂದೇ ಪ್ರಶ್ನೆ: “ಇದನ್ನ ಇಳಿಸೋರು ಯಾರ್ರೀ?”

ಆ ಪ್ರಶ್ನೆಗೆ ಇನ್ನೂ ಉತ್ತರ ಸಿಕ್ಕಿಲ್ಲ.

*

ಮಾಮಾನಿಗೆ ಟಿವಿಯ ಹುಚ್ಚು ಹತ್ತಿದ್ದು ಹನ್ನೊಂದನೇ ವಯಸ್ಸಿನಲ್ಲಿ, ರಾಯಚೂರು ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಸರಿಯಾಗಿ ಒಂದು ವರ್ಷ, ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಆಕಾಶದಿಂದ ನೇರವಾಗಿ ಟಿವಿ ಬಂತು. ನಾಸಾದವರ ಎಟಿಎಸ್-6 ಉಪಗ್ರಹ, ಇಸ್ರೋದ ಕಾರ್ಯಕ್ರಮ. ಅದಕ್ಕೆ ‘ಸೈಟ್’ ಎಂದು ಹೆಸರು. ಕರ್ನಾಟಕದಲ್ಲಿ ರಾಯಚೂರು, ಗುಲಬರ್ಗಾ, ಬಿಜಾಪುರದ ಹಳ್ಳಿಗಳು ಅದರಲ್ಲಿದ್ದವು. ಕೋಳಿ ಗೂಡಿಗೆ ಹಾಕುವಂಥ ತಂತಿ ಜಾಲರಿಯ ಹತ್ತಡಿ ಅಗಲದ ಬುಟ್ಟಿಯೇ ಆಂಟೆನಾ. ಟಿವಿ ಪೆಟ್ಟಿಗೆಗಳು ತಯಾರಾದದ್ದು ಹೈದರಾಬಾದಿನಲ್ಲಿ, 1967ರಲ್ಲಿ ಶುರುವಾದ ಇಸಿಐಎಲ್ ಕಾರ್ಖಾನೆಯಲ್ಲಿ. ಈಗ ಇಸಿಐಎಲ್ ಅಂದರೆ ಹೈದರಾಬಾದಿನ ಅರ್ಧ ಜನಕ್ಕೆ ಒಂದು ಬಸ್‌ಸ್ಟಾಪು. ಆಗ ರಾಯಚೂರಿನ ಹುಡುಗರಿಗೆ ಅದು ಪೆಟ್ಟಿಗೆಯ ಮೇಲೆ ಬರೆದ ಹೆಸರು.

ಆ ವರ್ಷದ ಒಂದು ಸಂಗತಿ ಮಾಮಾ ಯಾವಾಗಲೂ ಹೇಳುತ್ತಾರೆ. ಉಪಗ್ರಹ ಕಳಿಸುತ್ತಿದ್ದದ್ದು ಒಂದು ಚಿತ್ರ, ಎರಡು ಧ್ವನಿ. ಆಂಧ್ರದ ಹಳ್ಳಿಗಳಲ್ಲಿ ಆ ಚಿತ್ರ ತೆಲುಗು ಮಾತಾಡುತ್ತಿತ್ತು, ನಮ್ಮ ಹಳ್ಳಿಗಳಲ್ಲಿ ಕನ್ನಡ. ಗದ್ದೆಯಲ್ಲಿ ನಿಂತ ಅದೇ ರೈತ, ಅದೇ ಬಾಯಿ, ಬೇರೆ ಮಾತು. ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ ಎನ್ನುವುದು ಹುಡುಗರ ಕಣ್ಣಿಗೆ ಬಿದ್ದಿತ್ತು. ಊರಿನ ಹಿರಿಯರಿಗೆ ಅದೇನೂ ದೊಡ್ಡ ವಿಷಯ ಅನ್ನಿಸಲಿಲ್ಲ.

ಜುಲೈ 31 ಕಳೆದ ಮೇಲೆ ಉಪಗ್ರಹ ಹೋಯಿತು. ಶಾಲೆಯ ಟಿವಿ ಹಚ್ಚಿದರೆ ಬರೀ ಬಿಳಿ ಕಪ್ಪು ಕಾಳು. ಹನ್ನೆರಡು ತುಂಬುತ್ತಿದ್ದ ಹುಡುಗ ಕೆಲವು ದಿನ ಆ ಕಾಳನ್ನೇ ನೋಡುತ್ತ ಕೂತಿದ್ದನಂತೆ. ಅಕ್ಕ ಬಂದು ಕಿವಿ ಹಿಡಿದು ಮನೆಗೆ ಕರೆದುಕೊಂಡು ಹೋಗುತ್ತಿದ್ದಳು. ಆ ಅಕ್ಕನ ಮಗನೇ ಈ ಅಳಿಯ.

*

ಡಿಪ್ಲೊಮಾ ಮುಗಿಸಿ 1984ರಲ್ಲಿ ಹೈದರಾಬಾದಿಗೆ ಬಂದ ಮಾಮಾ ಕೋಠಿಯ ಒಂದು ಅಂಗಡಿಯಲ್ಲಿ ಟಿವಿ ರಿಪೇರಿಗೆ ನಿಂತರು. ಕಾಚಿಗುಡ ಆರಿಸಿಕೊಂಡದ್ದಕ್ಕೆ ಕಾರಣ ಇತ್ತು. ಅಲ್ಲಿ ಕನ್ನಡದ ನೃಪತುಂಗ ಶಾಲೆ ಇತ್ತು, ಕರ್ನಾಟಕ ಸಾಹಿತ್ಯ ಮಂದಿರ ಇತ್ತು, ಹಬ್ಬಕ್ಕೆ ಊರಿನ ಮಾತು ಕಿವಿಗೆ ಬೀಳುತ್ತಿತ್ತು. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದಲ್ಲೇ ಇದ್ದುದರಿಂದ ಅವರ ತಂದೆಯ ತಲೆಮಾರಿಗೆ ಇದು ಪರವೂರೇ ಆಗಿರಲಿಲ್ಲ.

1987ರಲ್ಲಿ ರಾಮಾಯಣ ಧಾರಾವಾಹಿ ಶುರುವಾದ ಮೇಲೆ ಶನಿವಾರ ರಾತ್ರಿ ರಿಪೇರಿಯವರಿಗೆ ನಿದ್ದೆ ಇರಲಿಲ್ಲ. ಭಾನುವಾರ ಬೆಳಿಗ್ಗೆಯೊಳಗೆ ಟಿವಿ ಸರಿಯಾಗಬೇಕು. ಆಮೇಲೆ ವಿಡಿಯೋ ಬಂತು, ಹೋಟೆಲುಗಳ ಸಭೆಗಳಿಗೆ ದೊಡ್ಡ ಪರದೆ ಬಂತು. ದೊಡ್ಡ ಪರದೆಯ ಜೊತೆಗೆ ಮೂರು ಟ್ಯೂಬಿನ ಪ್ರೊಜೆಕ್ಟರ್ ಬಂತು. ಅದನ್ನು ಹೊಂದಿಸಲು ಬರುವವರು ಊರಿಗೆ ಬೆರಳೆಣಿಕೆಯಷ್ಟು ಜನ. ಮಾಮಾ ಅವರಲ್ಲಿ ಒಬ್ಬರಾದರು.

ಕೆಲವೇ ವರ್ಷಗಳಲ್ಲಿ ಒಬ್ಬ ಹುಡುಗ ಕಂಕುಳಲ್ಲಿ ಇಟ್ಟುಕೊಂಡು ಹೋಗಬಹುದಾದ ಡಿಜಿಟಲ್ ಪ್ರೊಜೆಕ್ಟರ್ ಬಂತು. ಸ್ವಿಚ್ ಒತ್ತಿದರೆ ಚಿತ್ರ. ಹೊಂದಿಸುವವರ ಅಗತ್ಯ ತೀರಿತು.

*

ಅಳಿಯ ಗಚ್ಚಿಬೌಲಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಮೂವತ್ತೊಂದು ವರ್ಷ. ತಾಯಿ ತೀರಿಕೊಂಡಾಗ ಅವನಿಗೆ ಐದು. ತಾಯಿಯ ಮುಖ ಅವನಿಗೆ ನೆನಪಿಲ್ಲ. ಫೋಟೋ ನೆನಪಿದೆ, ಅಷ್ಟೆ. ಮನೆಯಲ್ಲಿರುವ ಮೂರು ಫೋಟೋಗಳಲ್ಲೂ ಆಕೆ ಉಸಿರು ಬಿಗಿಹಿಡಿದು ನೇರ ನಿಂತಿದ್ದಾಳೆ, ಆ ಕಾಲದ ಎಲ್ಲ ಹೆಣ್ಣುಮಕ್ಕಳ ಹಾಗೆ.

ಹೋದ ವರ್ಷ ಅಟ್ಟ ಸ್ವಚ್ಛ ಮಾಡುವಾಗ ಅತ್ತಿಗೆ ಒಂದು ವಿಎಚ್‌ಎಸ್ ಕ್ಯಾಸೆಟ್ ಸಿಕ್ಕಿತು. ಮೇಲೆ ಮಾಮಾನ ಕೈಬರಹ: ‘ಅಕ್ಕನ ಲಗ್ನ, 1991’. ಬಾಡಿಗೆ ಕ್ಯಾಮೆರಾ ತಂದು ಮಾಮಾನೇ ಹಿಡಿದಿದ್ದ ವಿಡಿಯೋ. ಟೇಪಿನ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿದಿತ್ತು. ಮಾಮಾ ಎರಡು ದಿನ ಕೂತು, ಕ್ಯಾಸೆಟ್ಟಿನ ಚಿಪ್ಪು ಬಿಚ್ಚಿ, ಟೇಪನ್ನು ಮೆತ್ತಗಿನ ಬಟ್ಟೆಯಲ್ಲಿ ಒರೆಸಿ ಬೇರೆ ಚಿಪ್ಪಿಗೆ ಹಾಕಿದರು.

ಅಳಿಯ ಅದನ್ನು ಅಗ್ಗದ ಒಂದು ಯುಎಸ್‌ಬಿ ಸಾಧನದಿಂದ ಕಂಪ್ಯೂಟರಿಗೆ ಇಳಿಸಿಕೊಂಡ. ಚಿತ್ರ ಮಸುಕು, ಬಣ್ಣ ಸೋರಿದ ಹಾಗೆ. ಅದನ್ನು ಎಐ ತಂತ್ರಾಂಶಕ್ಕೆ ಕೊಟ್ಟು 4ಕೆ ಮಾಡಿಸಿದ. ರಾತ್ರಿಯಿಡೀ ಕಂಪ್ಯೂಟರ್ ಓಡಿತು. ಭಾನುವಾರ ಲ್ಯಾಪ್‌ಟಾಪ್ ಹಿಡಿದು ಕಾಚಿಗುಡಕ್ಕೆ ಬಂದ.

ಸೀರೆಯ ಜರಿ ಎಳೆ ಎಳೆಯಾಗಿ ಕಾಣುತ್ತಿತ್ತು. ಕಣ್ಣಿನ ರೆಪ್ಪೆಗಳು ಎಣಿಸಬಹುದಾದಷ್ಟು ಚೂಪು. ಮಾಮಾ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

“ಲೇ ತಮ್ಮಾ, ಚಂದ ಅದ. ಆದ್ರ ಇಕಿ ನಮ್ಮಕ್ಕ ಅಲ್ಲ.”

“ಏನ್ ಮಾಮಾ ಹಂಗಂದ್ರ?”

“ಅಕ್ಕಗ ಮುಂದಿನ ಹಲ್ಲಿನ ಮ್ಯಾಲೆ ಒಂದು ಹಲ್ಲಿತ್ತು. ಗದ್ದದ ಮ್ಯಾಲೆ ಮಚ್ಚಿ ಇತ್ತು. ಎಲ್ಲಿ ಹೋದವು ಅವು?”

ಲೆಕ್ಕ ಹಾಕಿದರೆ ಅವು ಎಲ್ಲಿ ಹೋದವು ಎಂಬುದು ತಿಳಿಯುತ್ತದೆ. ಅಳಿಯ ಇಳಿಸಿಕೊಂಡ ಚಿತ್ರದಲ್ಲಿ ಅಡ್ಡಕ್ಕೆ 720 ಚುಕ್ಕಿ, ಉದ್ದಕ್ಕೆ 576. ಒಟ್ಟು 4,14,720. 4ಕೆ ಚಿತ್ರದಲ್ಲಿ 3840ಕ್ಕೆ 2160, ಒಟ್ಟು 82,94,400. ಸರಿಯಾಗಿ ಇಪ್ಪತ್ತು ಪಟ್ಟು. ಅಂದರೆ ಪ್ರತಿ ಇಪ್ಪತ್ತು ಚುಕ್ಕಿಯಲ್ಲಿ ಹತ್ತೊಂಬತ್ತು ಟೇಪಿನಲ್ಲಿ ಇಲ್ಲವೇ ಇಲ್ಲ, ಯಂತ್ರ ಊಹಿಸಿ ತುಂಬಿದ್ದು. ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ನಿಜವಾಗಿ ದಾಖಲಾಗುವ ವಿವರ 720ಕ್ಕಿಂತ ಎಷ್ಟೋ ಕಡಿಮೆ, ಸುಮಾರು 240 ಗೆರೆಯಷ್ಟು. ಊಹಿಸುವ ಯಂತ್ರ ಲಕ್ಷಾಂತರ ಮುಖ ನೋಡಿ ಕಲಿತಿದೆ. ಹೆಚ್ಚಿನ ಮುಖಗಳಲ್ಲಿ ಹಲ್ಲು ಸಾಲಾಗಿರುತ್ತವೆ, ಹಾಗಾಗಿ ಸಾಲಾಗಿಸಿತು. ಗದ್ದದ ಮೇಲಿನ ಕಂದು ಕಲೆಯನ್ನು ಟೇಪಿನ ಕೊಳೆ ಎಂದುಕೊಂಡು ತೆಗೆಯಿತು.

ಅಳಿಯ ತುಂಬ ಹೊತ್ತು ಸುಮ್ಮನಿದ್ದ. ಒಂದು ವಾರ ಅವನು ಆ ಮುಖವನ್ನು ಫೋನಿನ ಪರದೆಯ ಮೇಲೆ ಇಟ್ಟುಕೊಂಡಿದ್ದ.

“ನಿನ್ನ ಕಂಪ್ಯೂಟರ್ ಬ್ಯಾಡ,” ಅಂದರು ಮಾಮಾ. “ನನ್ನ ಮಷೀನ್‌ದಾಗ ನೋಡೋಣು. ಅದರಾಗ ಎಷ್ಟು ಬೇಕೋ ಅಷ್ಟು ಗೆರೆ ಬರ್ತಾವ.”

*

ಎಷ್ಟು ಬೇಕೋ ಅಷ್ಟು ಗೆರೆ. ಈ ಮಾತು ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ.

ಇವತ್ತಿನ ಟಿವಿ ಅಥವಾ ಫೋನಿನ ಪರದೆಯಲ್ಲಿ ಚುಕ್ಕಿಗಳನ್ನು ಕಾರ್ಖಾನೆಯಲ್ಲೇ ಎಣಿಸಿ ಇಟ್ಟಿರುತ್ತಾರೆ. ಹಳೆಯ ಬಣ್ಣದ ಟಿವಿಯ ಗಾಜಿನ ಟ್ಯೂಬಿನಲ್ಲೂ ಒಂದು ಮಿತಿ ಇತ್ತು. ಗಾಜಿನ ಹಿಂದೆ ಸಾವಿರಾರು ಸಣ್ಣ ತೂತುಗಳ ಲೋಹದ ಜರಡಿ, ಅದರ ಮುಂದೆ ಕೆಂಪು, ಹಸಿರು, ನೀಲಿ ರಂಜಕದ ಚುಕ್ಕಿಗಳು. ತೂತುಗಳಿಗಿಂತ ಸಣ್ಣ ವಿವರ ಅದರಲ್ಲಿ ನಿಲ್ಲುವುದಿಲ್ಲ. ಮೂರು ಟ್ಯೂಬಿನ ಪ್ರೊಜೆಕ್ಟರಿನಲ್ಲಿ ಆ ಜರಡಿಯೇ ಇಲ್ಲ. ಒಂದೊಂದು ಟ್ಯೂಬಿಗೆ ಒಂದೇ ಬಣ್ಣ, ಗಾಜಿಗೆಲ್ಲ ಒಂದೇ ಸಮನೆ ಬಳಿದ ರಂಜಕ. ಎಲೆಕ್ಟ್ರಾನ್ ಕಿರಣ ಎಲ್ಲಿ ಬಿತ್ತೋ ಅಲ್ಲಿ ಬೆಳಕು. ಎಣಿಸಲು ಚುಕ್ಕಿಗಳೇ ಇಲ್ಲ.

ಹಾಗಾದರೆ ಮಿತಿ ಎಲ್ಲಿದೆ? ಮೂರು ಕಡೆ.

ಮೊದಲನೆಯದು ವೇಗ. ನಮ್ಮ ಹಳೆಯ ದೂರದರ್ಶನದ ಚಿತ್ರದಲ್ಲಿ ಕಿರಣ ಸೆಕೆಂಡಿಗೆ 15,625 ಅಡ್ಡಗೆರೆ ಎಳೆಯುತ್ತದೆ. ಫುಲ್ ಎಚ್‌ಡಿ ಚಿತ್ರವನ್ನು ಸೆಕೆಂಡಿಗೆ 60 ಸಲ ತೋರಿಸಬೇಕಾದರೆ 67,500 ಗೆರೆ. ನಾಲ್ಕು ಪಟ್ಟಿಗೂ ಹೆಚ್ಚು. ಕಿರಣವನ್ನು ಅಷ್ಟು ಬೇಗ ಓಡಿಸಿ ವಾಪಸು ತರುವ ಶಕ್ತಿ ಸುರುಳಿಗಳಿಗೆ ಇರಬೇಕು. ಈ ಜಾತಿಯ ಯಂತ್ರಗಳಲ್ಲಿ ಹೆಸರಾದದ್ದು ಸೋನಿಯ ಜಿ90. ಒಂಬತ್ತು ಇಂಚಿನ ಟ್ಯೂಬು, ಒಂದೂವರೆ ಲಕ್ಷ ಗೆರೆಯವರೆಗೆ ಓಡುತ್ತಿತ್ತು. ಬಾರ್ಕೋ ಕಂಪನಿಯದೂ ಅದಕ್ಕೆ ಸರಿಸಮನಾದದ್ದಿತ್ತು. ಮಾಮಾನ ಯಂತ್ರ ಎಂಟು ಇಂಚಿನದು. 67,500 ಅದಕ್ಕೆ ಕಷ್ಟವಲ್ಲ.

ಎರಡನೆಯದು ಸಿಗ್ನಲ್ಲು. ಒಂದು ಬಿಳಿ ಚುಕ್ಕಿ, ಪಕ್ಕದಲ್ಲೇ ಒಂದು ಕಪ್ಪು, ಮತ್ತೆ ಬಿಳಿ. ಫುಲ್ ಎಚ್‌ಡಿಯಲ್ಲಿ ಹೀಗೆ ಹೊತ್ತಿ ಆರುವುದು ಸೆಕೆಂಡಿಗೆ ಏಳು ಕೋಟಿ ಸಲಕ್ಕಿಂತ ಹೆಚ್ಚು. ಕೇಬಲ್ ಕಳಪೆಯಾದರೆ ಕಪ್ಪೂ ಬಿಳಿಯೂ ಕಲೆತು ಬೂದಿ ಬಣ್ಣವಾಗುತ್ತದೆ.

ಮೂರನೆಯದು ಕಿರಣದ ಮೊನೆ. ಟ್ಯೂಬಿನ ಮೇಲೆ ಮೂಡುವ ಚಿತ್ರದ ಅಗಲ 120 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅದರಲ್ಲಿ 1920 ಚುಕ್ಕಿ ಹಿಡಿಸಬೇಕಾದರೆ ಒಂದೊಂದಕ್ಕೆ ಸಿಗುವ ಜಾಗ ಒಂದು ಮಿಲಿಮೀಟರಿನ ಹದಿನಾರನೇ ಒಂದು ಭಾಗ. ತಲೆಗೂದಲಿನ ದಪ್ಪದಷ್ಟು. ಕಿರಣದ ಮೊನೆ ಅಷ್ಟು ಚೂಪಾಗಬೇಕು, ಅದೂ ನಡುವೆ ಮಾತ್ರವಲ್ಲ, ನಾಲ್ಕು ಮೂಲೆಗಳಲ್ಲೂ. ಇದರಲ್ಲಿ ಇನ್ನೊಂದು ತಕರಾರು ಇದೆ. ಬೆಳಕು ಹೆಚ್ಚಿಸಿದಷ್ಟೂ ಮೊನೆ ಮೊಂಡಾಗುತ್ತದೆ. ಹೊಳಪೂ ಬೇಕು, ಚೂಪೂ ಬೇಕು ಅಂದರೆ ಸಿಗುವುದಿಲ್ಲ. ಅದಕ್ಕೇ ಆ ಪಡಸಾಲೆಯ ಕಿಟಕಿಗಳಿಗೆ ಕಪ್ಪು ಬಟ್ಟೆ.

*

ಮುಂದಿನ ಏಳೆಂಟು ಭಾನುವಾರ ಇಬ್ಬರದೂ ಅದೇ ಕೆಲಸ.

ಮೊದಲು ಕೋಠಿಯ ಗುಜರಾತಿ ಗಲ್ಲಿಗೆ ಹೋಗಿ ಒಳ್ಳೆಯ ಕೋಆಕ್ಸಿಯಲ್ ಕೇಬಲ್ಲು, ಹತ್ತು ಬಿಎನ್‌ಸಿ ಕನೆಕ್ಟರು ತಂದರು. ಅಂಗಡಿಯ ಸಾಬರು ಮಾಮಾನನ್ನು ನಲವತ್ತು ವರ್ಷದಿಂದ ಬಲ್ಲವರು. “ಅಭೀ ಭೀ ಚಲಾರೇ ಕ್ಯಾ ಭಾಯ್ ಉಸಕೂ?” ಎಂದು ನಕ್ಕು, ಕನೆಕ್ಟರುಗಳನ್ನು ಡಬ್ಬಿಯ ತಳದಿಂದ ಆರಿಸಿ ಕೊಟ್ಟರು. ಐದು ಕೇಬಲ್ಲು: ಮೂರು ಬಣ್ಣಕ್ಕೆ ಮೂರು, ಗೆರೆಯ ತಾಳಕ್ಕೆ ಒಂದು, ಚಿತ್ರದ ತಾಳಕ್ಕೆ ಒಂದು.

ಹಸಿರು ಟ್ಯೂಬಿನ ಮುಂದಿನ ತಂಪು ದ್ರವ ಮಬ್ಬಾಗಿತ್ತು. ಅದನ್ನು ಬಸಿದು, ತೊಳೆದು, ಹೊಸದು ತುಂಬಿದರು. ಹೊದಿಕೆ ತೆಗೆದು ಕೆಲಸ ಮಾಡುವಾಗಲೆಲ್ಲ ಮಾಮಾ ಅಳಿಯನ ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಸುತ್ತಿದ್ದರು. ಟ್ಯೂಬಿಗೆ ಹೋಗುವ ವಿದ್ಯುತ್ತು ಮೂವತ್ತು ಸಾವಿರ ವೋಲ್ಟಿನ ಮೇಲೆ. ಎರಡೂ ಕೈ ಒಳಗೆ ಹಾಕಿದರೆ ಅದು ಒಂದು ಕೈಯಿಂದ ಹತ್ತಿ ಎದೆಯ ಮೇಲೆ ಹಾದು ಇನ್ನೊಂದು ಕೈಯಿಂದ ಇಳಿಯುತ್ತದೆ. ಆರಿಸಿದ ಮೇಲೂ ಟ್ಯೂಬು ತುಸು ಹೊತ್ತು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಕೋಠಿಯ ಅಂಗಡಿಯಲ್ಲಿ ಮಾಮಾನಿಗೆ ಕಲಿಸಿದ ಉಸ್ತಾದರು ಮೊದಲ ದಿನ ಹೇಳಿಕೊಟ್ಟದ್ದು ಇದನ್ನೇ.

ಅಳಿಯನ ಪಾಲಿಗೆ ಬಂದದ್ದು ಕಂಪ್ಯೂಟರು. ಮೊದಲ ಸಲ 1920ಕ್ಕೆ 1080 ಕಳಿಸಿದಾಗ ಚಿತ್ರದ ಎಡ ಅಂಚು ಕಾಗದದ ಹಾಗೆ ಮಡಚಿಕೊಂಡಿತು. ಅವನಿಗೆ ಅರ್ಥವಾಗಲಿಲ್ಲ. ಮಾಮಾನಿಗೆ ಕೂಡಲೇ ಆಯಿತು. ಕಿರಣ ಒಂದು ಗೆರೆ ಎಳೆದು ಬಲತುದಿಗೆ ಹೋದ ಮೇಲೆ ಎಡಕ್ಕೆ ವಾಪಸು ಬರಬೇಕಲ್ಲ, ಅದಕ್ಕೆ ಸಮಯ ಬೇಕು. ಚಪ್ಪಟೆ ಪರದೆಗೆ ಅಂಥ ಬಿಡುವು ಬೇಕಿಲ್ಲ, ಹಾಗಾಗಿ ಈಗಿನ ಕಂಪ್ಯೂಟರುಗಳು ಬಿಡುವನ್ನು ಕತ್ತರಿಸಿ ಕಳಿಸುತ್ತವೆ. ಅಳಿಯ ಸೆಟಿಂಗ್ ಬದಲಿಸಿ ಒಂದು ಗೆರೆಯ ಒಟ್ಟು ಅಳತೆಯನ್ನು 2200ರಿಂದ 2400 ಚುಕ್ಕಿಗೆ ಏರಿಸಿದ. ಕಾಣುವ 1920 ಹಾಗೇ ಇತ್ತು. ಉಳಿದ 480 ಚುಕ್ಕಿಯ ಹೊತ್ತು, ಅಂದರೆ ಸುಮಾರು ಮೂರು ಮೈಕ್ರೋಸೆಕೆಂಡು, ಕಿರಣಕ್ಕೆ ವಾಪಸು ನಡೆಯಲು ಸಿಕ್ಕಿತು. ಮಡಿಕೆ ಬಿಚ್ಚಿಕೊಂಡಿತು.

“ಹೋಗೋದು ಎಲ್ಲರಿಗೂ ಕಾಣ್ತದ, ವಾಪಸ್ ಬರೋದು ಯಾರೂ ಲೆಕ್ಕಕ್ಕ ಹಿಡಿಯಂಗಿಲ್ಲ,” ಅಂದರು ಮಾಮಾ. ಕೆಲಸದ ನಡುವೆ ಅಂಥ ಮಾತು ಅವರ ಬಾಯಿಂದ ಬರುವುದು ಕಡಿಮೆ. ಅಳಿಯ ನಕ್ಕ.

ಆಮೇಲೆ ಹೊಂದಾಣಿಕೆ. ಯಂತ್ರವನ್ನು ಒಂದು ಗಂಟೆ ಕಾಯಿಸಬೇಕು, ಕಾಯದೆ ಹೊಂದಿಸಿದರೆ ಕಾದ ಮೇಲೆ ಎಲ್ಲ ಸರಿದುಹೋಗುತ್ತದೆ. ಮೊದಲು ಹಸಿರು. ಪರದೆಯ ಮೇಲೆ ಚೌಕಳಿ ಗೆರೆ ಮೂಡಿಸಿ, ಲೆನ್ಸನ್ನು ಕೈಯಿಂದ ತಿರುಗಿಸಿ, ನಡುವೆ ಚೂಪು ಮಾಡಿ, ಮೂಲೆಗೆ ಹೋಗಿ, ಮತ್ತೆ ನಡುವಿಗೆ ಬಂದು ನೋಡಬೇಕು. ಟ್ಯೂಬಿನ ಕುತ್ತಿಗೆಯಲ್ಲಿರುವ ಅಯಸ್ಕಾಂತದ ಉಂಗುರ ತಿರುಗಿಸಿ, ಮೊಟ್ಟೆಯಾಕಾರದ ಚುಕ್ಕಿಯನ್ನು ದುಂಡಗೆ ಮಾಡಬೇಕು. ಆಮೇಲೆ ಹಸಿರಿನ ಮೇಲೆ ಕೆಂಪನ್ನು ಕೂರಿಸಬೇಕು. ಎರಡೂ ಸರಿಯಾಗಿ ಕೂತರೆ ಗೆರೆ ಹಳದಿಯಾಗುತ್ತದೆ. ಎಲ್ಲಿ ಕೆಂಪು ಇಣುಕುತ್ತದೋ ಅಲ್ಲಿ ತಪ್ಪು. ಕೊನೆಗೆ ನೀಲಿ.

ನೀಲಿಯನ್ನು ಮಾಮಾ ಬೇಕೆಂದೇ ತುಸು ಮಸುಕಾಗಿ ಬಿಟ್ಟರು. ಅಳಿಯ ಅದನ್ನು ತಿದ್ದಲು ಹೋದಾಗ ಕೈ ಹಿಡಿದರು. ನೀಲಿ ರಂಜಕ ಬೇಗ ದಣಿಯುತ್ತದೆ. ಕಿರಣ ಒಂದೇ ಕಡೆ ಚೂಪಾಗಿ ಬಿದ್ದರೆ ಬೆಳಕು ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ, ತುಸು ಹರಡಿ ಬಿದ್ದರೆ ಹೆಚ್ಚು ಬೆಳಕು ಬರುತ್ತದೆ. ನಮ್ಮ ಕಣ್ಣು ನೀಲಿಯಲ್ಲಿ ಸೂಕ್ಷ್ಮ ವಿವರ ಹುಡುಕುವುದೂ ಇಲ್ಲ. ತಯಾರಿಸಿದವರೂ ಹೀಗೇ ಮಾಡುತ್ತಿದ್ದರು.

ಎಂಟನೇ ಭಾನುವಾರ ಗೋಡೆಯ ಮೇಲೆ ಒಂದು ಚುಕ್ಕಿಯಷ್ಟು ದಪ್ಪದ ಕಪ್ಪು ಬಿಳಿ ಗೆರೆಗಳು ಬಿಡಿಬಿಡಿಯಾಗಿ ನಿಂತವು. 1080 ಗೆರೆಗಳೂ ಇದ್ದವು. ಹತ್ತಿರ ಹೋಗಿ ನೋಡಿದರೂ ಚೌಕ ಚೌಕದ ಚುಕ್ಕಿಗಳಿಲ್ಲ, ಕುಂಚದಲ್ಲಿ ಎಳೆದಂಥ ಚಿತ್ರ. ಕಪ್ಪು ಅಂದರೆ ಕಪ್ಪು. ಕೋಣೆಯಲ್ಲಿ ಯಂತ್ರ ಇದೆಯೋ ಇಲ್ಲವೋ ತಿಳಿಯದಷ್ಟು ಕಪ್ಪು.

ಕಂಪ್ಯೂಟರಿನಿಂದ ಅಕ್ಕನ ಲಗ್ನ ಹಚ್ಚಿದರು.

*

ಚೆನ್ನಾಗಿ ಕಾಣಿಸಿದ್ದು ಟೇಪಿನ ದೋಷ. ಅಡ್ಡ ಗೀರುಗಳು, ಚಿತ್ರದ ತಳದಲ್ಲಿ ಹರಿದ ಅಂಚು, ಕೆಂಪು ಸೀರೆಯಿಂದ ಹೊರಗೆ ಚೆಲ್ಲಿದ ಕೆಂಪು, ಅಗ್ಗದ ಸಾಧನ ಸೇರಿಸಿದ ಚೌಕ ಚೌಕದ ಕೊಳೆ. ಅಕ್ಕ ಅವುಗಳ ಹಿಂದೆ ಎಲ್ಲೋ ಇದ್ದಳು. ಎಂಟು ಭಾನುವಾರದ ಕೆಲಸ ತೋರಿಸಿದ್ದು ಇಷ್ಟು: ಟೇಪಿನಲ್ಲಿ ಹೆಚ್ಚಿಗೆ ಏನೂ ಇಲ್ಲ. ಅಳಿಯನ 4ಕೆ ಕಡತ ಹಚ್ಚಿದರೆ ಅದೇ ಅಪರಿಚಿತ ಹೆಂಗಸು, ಇನ್ನೂ ಚೂಪಾಗಿ, ಏಳಡಿ ಅಗಲದ ಗೋಡೆಯ ಮೇಲೆ.

ಮಾಮಾ ಮಾತಾಡಲಿಲ್ಲ. ಹೆಚ್ಚು ಗೆರೆ ಅಂದರೆ ಹೆಚ್ಚು ಸತ್ಯ ಎಂದು ನಲವತ್ತು ವರ್ಷ ನಂಬಿದ್ದವರು ಅವರು.

ಹೈದರಾಬಾದಿನಲ್ಲೇ ಇದರ ತಿರುವುಮುರುವಿನ ಕಥೆಯೊಂದಿದೆ. ಬಾಲಾನಗರದಲ್ಲಿ ಉಪಗ್ರಹದ ಚಿತ್ರಗಳನ್ನು ನೋಡಿಕೊಳ್ಳುವ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇದೆ. 1995ರ ಡಿಸೆಂಬರಿನಲ್ಲಿ ಹಾರಿದ ಐಆರ್‌ಎಸ್-1ಸಿ ಉಪಗ್ರಹದ ಕಪ್ಪುಬಿಳುಪು ಕ್ಯಾಮೆರಾ ನೆಲದ ಮೇಲಿನ 5.8 ಮೀಟರನ್ನು ಒಂದು ಚುಕ್ಕಿಯಾಗಿ ಹಿಡಿಯುತ್ತಿತ್ತು. 70 ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ಸುಮಾರು 12,000 ಚುಕ್ಕಿ. ಆ ಕಾಲದ ಒಳ್ಳೆಯ ಮಾನಿಟರಿನಲ್ಲಿ ಅಡ್ಡಕ್ಕೆ 1280. ಪೂರ್ತಿ ಚಿತ್ರವನ್ನು ಪೂರ್ತಿ ವಿವರದಲ್ಲಿ ಒಮ್ಮೆಗೇ ತೋರಿಸುವ ಪರದೆ ಇರಲಿಲ್ಲ. ತುಂಡು ತುಂಡಾಗಿ, ಇಂಥ ಕೆರೆ, ಇಂಥ ಹೊಲ ಎಂದು ಆರಿಸಿಕೊಂಡೇ ನೋಡಬೇಕಿತ್ತು. ಅಲ್ಲಿ ಚಿತ್ರ ದೊಡ್ಡದು, ಪರದೆ ಸಣ್ಣದು. ಕಾಚಿಗುಡದ ಪಡಸಾಲೆಯಲ್ಲಿ ಪರದೆ ದೊಡ್ಡದು, ಚಿತ್ರ ಸಣ್ಣದು.

ಅಡುಗೆಮನೆಯಿಂದ ಚಹಾ ತಂದ ಅತ್ತಿ ಗೋಡೆ ನೋಡಿದರು, ಇಬ್ಬರ ಮುಖ ನೋಡಿದರು. “ಆಗಿನ ಕಾಲ್ದಾಗ ವಿಸಿಆರ್ ಹಚ್ಚಿ ನೋಡ್ತಿದ್ವಿ, ಚಂದನ ಕಾಣ್ತಿತ್ತಲ್ರೀ. ನಡುವ ಆ ಕಂಪ್ಯೂಟರ್ ಯಾಕ ಬೇಕು?”

ಮಾಮಾ ತಲೆ ಎತ್ತಿದರು.

ಯಂತ್ರದ ಹಿಂದೆ ಹಳೆಯ ವಿಡಿಯೋ ಸಿಗ್ನಲ್ಲಿಗೆ ಬೇರೆಯೇ ದಾರಿ ಇತ್ತು. ವಿಸಿಆರನ್ನು ನೇರ ಅದಕ್ಕೆ ಸೇರಿಸಿದರು. ಯಂತ್ರ ಒಮ್ಮೆ ಟಕ್ ಎಂದು 67,500ರಿಂದ 15,625 ಗೆರೆಗೆ ಇಳಿಯಿತು. ಚಿತ್ರ ಬಂತು, ಆದರೆ ಕಿಟಕಿಯ ಸರಳಿನ ಹಿಂದೆ ಕೂತ ಹಾಗೆ. ಗೆರೆ ಗೆರೆಯ ನಡುವೆ ಕಪ್ಪು ಸಂದು. 1080 ಗೆರೆಗಾಗಿ ಕೂದಲೆಳೆಯಷ್ಟು ಚೂಪು ಮಾಡಿದ್ದ ಮೊನೆ 576 ಗೆರೆಯಲ್ಲಿ ಜಾಗ ತುಂಬಲಾರದೆ ಹೋಯಿತು.

ಮಾಮಾ ರಿಮೋಟ್ ಹಿಡಿದು ಫೋಕಸ್ಸನ್ನು ಕೆಡಿಸತೊಡಗಿದರು. ಎಂಟು ವಾರ ಮಸೆದದ್ದನ್ನು ಒಂದೊಂದೇ ಅಂಕೆಯಾಗಿ ಮೊಂಡು ಮಾಡುತ್ತ ಬಂದರು. ಸಂದುಗಳು ತುಂಬಿಕೊಂಡವು. ಸರಳು ಕರಗಿತು. ಅಲ್ಲಿಗೆ ನಿಲ್ಲಿಸಿದರು.

ಚಿತ್ರ ಚೂಪಾಗಿರಲಿಲ್ಲ. ಆದರೆ ಅದು ನಡೆದಾಡುತ್ತಿತ್ತು.

ಇದಕ್ಕೂ ಕಾರಣ ಇದೆ. ಹಳೆಯ ವಿಡಿಯೋ ಸೆಕೆಂಡಿಗೆ 25 ಚಿತ್ರ ಎನ್ನುವುದು ಅರ್ಧ ಮಾತು. ಕ್ಯಾಮೆರಾ ಸೆಕೆಂಡಿಗೆ 50 ಸಲ ನೋಡುತ್ತದೆ. ಒಂದು ಸಲ ಬೆಸ ಗೆರೆಗಳು, ಮತ್ತೊಂದು ಸಲ ಸರಿ ಗೆರೆಗಳು. ಒಂದೊಂದು ನೋಟದಲ್ಲಿ 288 ಗೆರೆ ಮಾತ್ರ, ಆದರೆ ಪ್ರತಿ ನೋಟವೂ ಬೇರೆ ಗಳಿಗೆಯದು. ಅಳಿಯ ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ಎರಡೆರಡು ನೋಟ ಬೆರೆಸಿ 25 ಮಾಡಿದ್ದ. ಹಾಗೆ ಮಾಡಿದಾಗ ಚಲನೆಯ ಅರ್ಧ ಗಳಿಗೆಗಳು ಕಲಸಿಹೋದವು. ಗೆರೆಗಳನ್ನು ಎಣಿಸುತ್ತ ಕೂತವರಿಗೆ ಕಾಲವನ್ನೂ ಎಣಿಸಬೇಕು ಎನ್ನುವುದು ಹೊಳೆದಿರಲಿಲ್ಲ. ವಿಸಿಆರಿನಿಂದ ನೇರ ಬಂದಾಗ ಟ್ಯೂಬು 50ನ್ನೂ 50 ಆಗಿಯೇ ತೋರಿಸಿತು.

ಅಕ್ಕಿಕಾಳು ಬಿದ್ದವು. ಹೆಂಗಸರು ನಕ್ಕರು. ಅಕ್ಕ ತಲೆಯ ಮೇಲಿನ ಕಾಳು ಒರೆಸಿಕೊಳ್ಳುತ್ತ ಪಕ್ಕಕ್ಕೆ ಬಾಗಿ ಯಾರಿಗೋ ಏನೋ ಹೇಳಿ, ಕ್ಯಾಮೆರಾ ತನ್ನ ಮೇಲೇ ಇದೆ ಎಂದು ಗೊತ್ತಾದಾಗ, ಗದ್ದ ತುಸು ಮೇಲೆತ್ತಿ, ಕುತ್ತಿಗೆ ಹೊರಳಿಸಿ ತಮ್ಮನ ಕಡೆ ನೋಡಿದಳು. ಸಾಕು ಬಿಡೋ ಎನ್ನುವ ಹಾಗೆ ಕೈ ಬೀಸಿದಳು. ಎಲ್ಲ ಸೇರಿ ಅರ್ಧ ಸೆಕೆಂಡು. 25 ನೋಟ.

“ಮಾಮಾ,” ಅಂದ ಅಳಿಯ. “ಹಿಂದಕ್ಕ ಹಾಕ್ರಿ.”

ಹಿಂದಕ್ಕೆ ಹಾಕಿದರು. ಅಕ್ಕ ಮತ್ತೆ ಹೊರಳಿದಳು.

“ಇದು ನನಗ ಗೊತ್ತದ. ಹಿಂಗ ತಿರುಗ್ತಿದ್ಲು. ನಾ ಹಿಂದ ನಿಂತು ಸೀರಿ ಜಗ್ಗಿದ್ರ ಹಿಂಗ ತಿರುಗ್ತಿದ್ಲು.”

ಮುಖ ಅವನಿಗೆ ಆಗಲೂ ನೆನಪಾಗಲಿಲ್ಲ. ಹಲ್ಲಿನ ಮೇಲಿನ ಹಲ್ಲು ಆ ಚಿತ್ರದಲ್ಲಿ ಒಂದು ಬೆಳಕಿನ ತುಣುಕು ಮಾತ್ರ, ಮಚ್ಚೆ ಒಂದು ಕಂದು ಕಲೆ. ಆದರೆ ಹೊರಳುವುದು ಗೊತ್ತಿತ್ತು. ಐದು ವರ್ಷದ ಹುಡುಗನ ಎತ್ತರದಿಂದ ನೋಡಿದ ಹೊರಳು.

ಅತ್ತಿ ಚಹಾದ ಲೋಟಗಳನ್ನು ಮುಟ್ಟದೆ ವಾಪಸು ತೆಗೆದುಕೊಂಡು ಹೋದರು. ಆರಿದ್ದವು, ಮತ್ತೆ ಬಿಸಿ ಮಾಡಬೇಕಿತ್ತು.

*

ಆ ರಾತ್ರಿ ಟೇಪನ್ನು ಮೂರು ಸಲ ಓಡಿಸಿದರು. ನಾಲ್ಕನೇ ಸಲಕ್ಕೆ ಮಾಮಾ ಬೇಡ ಎಂದರು. ಹಳೆಯ ಟೇಪು ಓಡಿದ ಪ್ರತಿ ಸಲವೂ ತಲೆಗೆ ಉಜ್ಜಿ ತುಸು ಸವೆಯುತ್ತದೆ. ಯಂತ್ರಕ್ಕೂ ವಯಸ್ಸಾಗಿದೆ. ಹಸಿರು ಟ್ಯೂಬಿನ ನಡುವೆ ಹಳೆಯ ಸಭಾಂಗಣದ ಚಿತ್ರಗಳ ಕಂದು ಚೌಕ ಅಚ್ಚೊತ್ತಿದೆ. ಈ ಟ್ಯೂಬುಗಳನ್ನು ಈಗ ಯಾರೂ ತಯಾರಿಸುವುದಿಲ್ಲ. ಹೋದರೆ ಹೋಯಿತು.

ಮುಂದಿನ ಭಾನುವಾರ ಅಳಿಯ ಬೇರೆ ಸಾಧನ ತಂದ. ಈ ಸಲ ಬೆರೆಸಲಿಲ್ಲ, ತಿದ್ದಲಿಲ್ಲ. 50 ನೋಟಗಳನ್ನು ಇದ್ದ ಹಾಗೇ ಇಳಿಸಿಕೊಂಡ. ಒಂದೊಂದು ನೋಟವನ್ನೂ ಬಿಡಿ ಚಿತ್ರವಾಗಿ, ಸೆಕೆಂಡಿಗೆ 50ರಂತೆ ತೋರಿಸುವ ಇನ್ನೊಂದು ಪ್ರತಿಯನ್ನೂ ಮಾಡಿಕೊಂಡ. ಅದು ಫೋನಿನಲ್ಲೂ ಸುಮಾರಾಗಿ ಚೆನ್ನಾಗಿಯೇ ನಡೆಯುತ್ತದೆ. ಗೋಡೆಯ ಮೇಲಿನಷ್ಟಲ್ಲ, ಆದರೂ ಅಕ್ಕ ಹೊರಳುತ್ತಾಳೆ. 4ಕೆ ಕಡತವನ್ನು ಅಳಿಸಲು ಹೋಗಿ ಒಂದು ಗಳಿಗೆ ತಡೆದ. ಆಮೇಲೆ ಅಳಿಸಿದ.

ಮಾಮಾ ಯಂತ್ರದ ನೆನಪಿನಲ್ಲಿ ಎರಡು ಹೊಂದಾಣಿಕೆ ಉಳಿಸಿಟ್ಟಿದ್ದಾರೆ. ಒಂದು ಚೂಪಾದದ್ದು, ಒಂದು ಮೊಂಡು ಮಾಡಿದ್ದು. ತಿಂಗಳಿಗೊಮ್ಮೆ ಅವನ್ನು ಸರಿಪಡಿಸಬೇಕು, ಅಷ್ಟರಲ್ಲಿ ಕೆಂಪು ಒಂದು ಕೂದಲೆಳೆ ಸರಿದಿರುತ್ತದೆ. ಈಗ ಆ ಕೆಲಸ ಅಳಿಯನದು. ಮಾಮಾ ಕುರ್ಚಿಯಲ್ಲಿ ಕೂತು, ಕಣ್ಣು ಕಿರಿದಾಗಿಸಿ, ಮೇಲಿನ ಬಲ ಮೂಲೆ ಇನ್ನಾ ಹಳದಿ ಆಗಿಲ್ಲ ನೋಡು ಎನ್ನುತ್ತಾರೆ. ಅಳಿಯ ಎಡಗೈ ಜೇಬಿನಲ್ಲಿ ಇಟ್ಟುಕೊಂಡೇ ರಿಮೋಟ್ ಒತ್ತುತ್ತಾನೆ. ರಿಮೋಟಿಗೆ ಅದು ಬೇಕಿಲ್ಲ. ಅಭ್ಯಾಸವಾಗಿಬಿಟ್ಟಿದೆ.